ನಾನೇ ಆರಿಸಿದ ಜಾಗದ ಮಣ್ಣು

ಅಪ್ಪಾ,

ಸ್ಮಶಾನವನ್ನು ವಿಸ್ತರಿಸಬೇಕೆಂದು ನಗರಸಭೆಯವರು ಅಲ್ಲಿಯ ಮಣ್ಣನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದರು. ಇವತ್ತು ಪರೀಕ್ಷೆ ಮುಗಿಯಿತು. ನೂರಕ್ಕೆ ಅರವತ್ತು ಪಾಲು ಜೇಡಿ. ಬೀಳುವ ಮಳೆಯಲ್ಲಿ ಆವಿಯಾಗುವ ನೀರನ್ನು ಕಳೆದು ನೋಡಿದೆ. ಉಳಿದದ್ದು ಬಸಿದುಹೋಗುವುದೇ ಇಲ್ಲ. ವರ್ಷದಲ್ಲಿ ಐದು ತಿಂಗಳು ನಾಲ್ಕಡಿ ಆಳದಲ್ಲಿ ನೀರು ನಿಂತಿರುತ್ತದೆ. ಹೂಳಲು ತಕ್ಕ ನೆಲವಲ್ಲ ಎಂದು ಬರೆದು ಸಹಿ ಹಾಕಿದೆ.

ನೀವು ಮಲಗಿರುವುದು ಅಲ್ಲೇ. ಬೇಸಿಗೆಯಲ್ಲಿ ಬಿರುಕುಬಿಟ್ಟಿದ್ದ ಆ ನೆಲವನ್ನು ಕೈಯಲ್ಲಿ ಹಿಸುಕಿಯೂ ನೋಡದೆ, "ಇಲ್ಲೇ ಆಗಲಿ, ನೆರಳಿದೆ" ಎಂದವಳು ನಾನು. ಬಿರುಕು ಕಂಡರೆ ಜೇಡಿ ಎಂದು ಊರಿಗೆಲ್ಲ ಪಾಠ ಹೇಳುವವಳು. ಸ್ವಲ್ಪ ಥಂಡಿಯಾದರೂ ಮಂಡಿ ಹಿಡಿದುಕೊಂಡು ಕೂರುತ್ತಿದ್ದವರು ನೀವು.

ಸಂಜೆ ಅಮ್ಮ ಕೇಳಿದಳು, "ಮಳೆ ಜೋರಾಗಿದೆ ಕಣೇ. ಅವರಿರೋ ಕಡೆ ನೀರು ನಿಲ್ಲಲ್ಲ ತಾನೆ?"

"ಇಲ್ಲಮ್ಮ, ಒಳ್ಳೆ ಮಣ್ಣು. ಎಲ್ಲಾ ಇಳಿದುಹೋಗುತ್ತೆ."

"ನಂಗೊತ್ತು ಬಿಡು. ಆ ಮೂಲೆ ಬೇಡ ಅಂತ ಚಿಕ್ಕಪ್ಪ ಎಷ್ಟು ಹೇಳಿದ! ನನ್ನ ಮಗಳಿಗಿಂತ ನಿಂಗೆ ಗೊತ್ತೇನೋ ಅಂತ ನಾನೇ ಅವನ ಬಾಯಿ ಮುಚ್ಚಿಸಿದ್ದೆ."

ಹಾಗೆಂದು ಅವಳು ನೆಮ್ಮದಿಯಾಗಿ ಹೊದ್ದು ಮಲಗಿದಳು. ಅವಳ ಮುಖ ನೋಡಲಾರದೆ, ಕಿಟಕಿ ಮುಚ್ಚುವ ನೆಪದಲ್ಲಿ ನಾನು ಎದ್ದುಹೋದೆ.