ಖಾಲಿ ಮರಳದ ಡಬ್ಬಿ

ಲಕ್ಷ್ಮೇಶ್ವರ
ಕ್ರಿ.ಶ. 2203, ಎರಡನೇ ಚೈತ್ರದ ಹುಣ್ಣಿಮೆ

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಗುರುಸಿದ್ದವ್ವನವರಿಗೆ ಮುಗಿಲವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ಅಜ್ಜಿ. ನಿಮ್ಮ ಕಾಲದ ಬೇಸಿಗೆಗೆ ಒಂದೇ ಚೈತ್ರ ಸಾಕಾಗುತ್ತಿತ್ತಂತೆ. ನಮ್ಮ ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ಪಂಚಾಂಗದವರು ಇನ್ನೊಂದನ್ನು ಸೇರಿಸಿದ್ದಾರೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ ನನ್ನವರೆಗೂ ಬಂದಿದೆ. ನೀವು ಅದರಲ್ಲಿ ಪಲ್ಯ ಹಾಕಿ ಗೋಡೆಯ ಮೇಲಿಂದ ಪಕ್ಕದ ಮನೆಗೆ ಕೊಡುತ್ತಿದ್ದಿರಂತೆ. ಅವರು ಅದನ್ನು ಖಾಲಿ ಮರಳಿಸದೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದರಂತೆ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಕಾಣದ ಆ ಗೋಡೆಯನ್ನು ನೆನೆದು ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ ಆ ಪದ್ಧತಿಯನ್ನೇ ನಮ್ಮ ಸರ್ಕಾರ ಎತ್ತಿಕೊಂಡಿದೆ ಎಂದರೆ ನಗುತ್ತೀರೇನೋ. ಇಲ್ಲಿ ಪ್ರತಿ ಓಣಿಗೂ ಒಂದು ಓಣಿಯೊಲೆ ಇದೆ. ಬಿಸಿಲಿನ ಶಾಖದಲ್ಲೇ ಬೇಯಿಸುವ ಸಾರ್ವಜನಿಕ ಅಡುಗೆಮನೆ ಅದು. ದುಡಿಯಲಾಗದವರ ಮನೆಗೆ ಒಂದು ಆಸರೆ ಡಬ್ಬಿ ಕೊಡುತ್ತಾರೆ. ಮಧ್ಯಾಹ್ನ ತಂತಿಬಂಡಿ, ಅಂದರೆ ಓಣಿಯ ಮೇಲೆ ತಂತಿಯಲ್ಲಿ ಜಾರಿ ಬರುವ ತೊಟ್ಟಿಲು, ಬಾಗಿಲಲ್ಲಿ ನಿಂತು ರೊಟ್ಟಿ, ಬೇಳೆ, ಚಟ್ನಿಪುಡಿ ತುಂಬಿಸಿ ಹೋಗುತ್ತದೆ. ತಮ್ಮ ಕಾಲ ಮೇಲೆ ತಾವು ನಿಂತ ದಿನ, ಮನೆಯಲ್ಲಿ ಮಾಡಿದ ಏನನ್ನಾದರೂ ತುಂಬಿಸಿ ಆ ಡಬ್ಬಿಯನ್ನು ಮರಳಿಸಬೇಕು. ಆ ದಿನ ಯಾವಾಗ ಎಂದು ಯಾರೂ ಕೇಳುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೂ ಡಬ್ಬಿ ಬಂದಿತ್ತು. ನನ್ನ ಹಾಲುಹಲ್ಲು ಉದುರಿ, ಹೊಸ ಹಲ್ಲು ಬಂದು, ಎರಡು ಜಡೆ ಹಾಕಿಕೊಳ್ಳುವವರೆಗೂ ಅದರಲ್ಲೇ ಉಂಡೆ. ಅವ್ವ ನೇಯ್ಗೆ ಕಲಿತು ಕೆಲಸ ಹಿಡಿದ ಮೇಲೆ ಡಬ್ಬಿಯ ತುಂಬ ಗೋಧಿ ಹುಗ್ಗಿ ಮಾಡಿ ಒಯ್ದಳು. ಇಡೀ ಓಣಿ ಬೆರಳು ನೆಕ್ಕಿತು. ಆ ದಿನ ಅವ್ವ ತಲೆಯೆತ್ತಿ ನಡೆದದ್ದು ನನಗೆ ಈಗಲೂ ನೆನಪಿದೆ.

ಈಗ ನಾನೇ ಓಣಿಯೊಲೆಯ ಅಡುಗೆಯವಳು. ಕಳೆದ ತಿಂಗಳು ಓಣಿ ಸಭೆಯವರು ಗಡುವು ಹಾಕಿದರು: ಹಳೆಯ ಡಬ್ಬಿಗಳೆಲ್ಲ ಈ ಹುಣ್ಣಿಮೆಯೊಳಗೆ ಮರಳಬೇಕು. ಅವರು ಕೆಟ್ಟವರಲ್ಲ. ಕೂತು ಉಣ್ಣುವುದು ಕೆಲವರಿಗೆ ರೂಢಿಯಾಗಿದೆ ಎಂಬ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ; ಅಂಥ ಮೈಗಳ್ಳರು ಯಾರೆಂದು ನನಗೂ ಗೊತ್ತು. ಆದರೆ ಗಡುವಿಗೆ ಹೆದರಿ ಮೊದಲು ಬಂದದ್ದು ಅಂಥವರ ಡಬ್ಬಿಯಲ್ಲ, ಬಸಣ್ಣೆವ್ವನದು. ಕೌದಿ ಹೊಲಿದು ಬದುಕಿದ ಮುದುಕಿ ಆಕೆ. ಕಣ್ಣು ಹೋದ ಮೇಲೆ ಒಬ್ಬಳೇ ಇದ್ದಾಳೆ. ಇಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು ಡಬ್ಬಿ ಇಟ್ಟು ಹೋದಳು. ಸಭೆಯವರು ಚಪ್ಪಾಳೆ ತಟ್ಟಿದರು.

ನಾನು ಮುಚ್ಚಳ ತೆಗೆದೆ. ಒಳಗೆ ಶೇಂಗಾ ಚಟ್ನಿಪುಡಿ. ನಾನು ಹುರಿದರೆ ಕರಿಬೇವು ಯಾವಾಗಲೂ ಸ್ವಲ್ಪ ಸೀದುಹೋಗುತ್ತದೆ. ಬಾಯಿಗೆ ಹಾಕಿಕೊಂಡರೆ ಅದೇ ಸೀದ ರುಚಿ. ನಾವು ಕೊಟ್ಟದ್ದನ್ನೇ ದಿನವೂ ಚಿಟಿಕೆ ಚಿಟಿಕೆ ಎತ್ತಿಟ್ಟು, ತಾನು ರೊಟ್ಟಿ, ಬೇಳೆಯಷ್ಟನ್ನೇ ಉಂಡು, ಡಬ್ಬಿ ತುಂಬಿಸಿದ್ದಳು.

ಅದನ್ನು ಹಿಡಿದುಕೊಂಡು ಅವಳ ಮನೆಗೆ ಓಡಿದೆ. ಅವಳು ಮುಟ್ಟಲೂ ಇಲ್ಲ. “ಖಾಲಿ ಕೊಟ್ಟಿಲ್ಲ ನಾ, ತುಂಬಿಸೇ ಕೊಟ್ಟೀನಿ. ಮತ್ತ್ಯಾಕ ತಂದಿ?” ಎಂದು ಮುಖ ತಿರುಗಿಸಿದಳು.

ಆಗ ಮನೆಗೆ ಬಂದು ಅಟ್ಟದ ಮೇಲಿದ್ದ ನಿಮ್ಮ ಡಬ್ಬಿಯನ್ನು ಕೆಳಗಿಳಿಸಿದೆ, ಅಜ್ಜಿ. ನಮ್ಮ ಮನೆಯ ರೊಟ್ಟಿ, ಪಲ್ಯ ಹಾಕಿ ಒಯ್ದೆ. ಅವಳು ಮುಚ್ಚಳದ ಮೇಲೆ ಬೆರಳಾಡಿಸಿ, ಕೆತ್ತಿದ ಅಕ್ಷರ ತಡವಿ, ಇದು ಯಾರದೆಂದು ಕೇಳಿದಳು. ನಮ್ಮಜ್ಜಿಯದು ಎಂದೆ. “ಹಂಗಾರ ಇಡು” ಎಂದಳು.

ಒಬ್ಬಳಿಗೆ ನಾನು ನಮ್ಮ ಮನೆಯಿಂದ ಬಡಿಸಬಲ್ಲೆ, ಇಡೀ ಓಣಿಗಲ್ಲ. ಅದಕ್ಕೇ ನಾಳೆ ಸಭೆಯಲ್ಲಿ ಬಸಣ್ಣೆವ್ವನ ಚಟ್ನಿಪುಡಿಯನ್ನು ಎಲ್ಲರ ಅಂಗೈಗೂ ಹಾಕುತ್ತೇನೆ. ರುಚಿ ನೋಡಿ ಆಮೇಲೆ ಗಡುವಿನ ಮಾತಾಡಲಿ. ನಿಮ್ಮ ಕಾಲದಲ್ಲೂ ಇಂಥ ಮಾತು ಏಳುತ್ತಿತ್ತಂತೆ. ಮತ್ತೆ ಎದ್ದರೆ, ಇನ್ನೆಷ್ಟು ದಿನ ಎಂದು ಕೇಳುವ ಮೊದಲು ಮುಚ್ಚಳ ತೆಗೆದು ನೋಡಿರೆಂದು ನಿಮ್ಮವರಿಗೆ ಹೇಳಿ.

ನಿಮ್ಮ ಡಬ್ಬಿ ಈಗ ಅವಳ ಮನೆಯಲ್ಲಿದೆ. ಯಾವಾಗ ಮರಳಿಸುತ್ತೀ ಎಂದು ನಾನು ಕೇಳುವುದಿಲ್ಲ.