ಕಿವುಡರೂ ಗೆಲ್ಲುವ ಕಿವಿಯ ಪರೀಕ್ಷೆ

ಕಾರ್ಮಿಕರ ಕಿವಿಯನ್ನು ಮೊಬೈಲಿಗೆ ಒಪ್ಪಿಸಿ ನಿಶ್ಚಿಂತರಾಗಿರುವ ಮಾನ್ಯ ಆರೋಗ್ಯ ಯೋಜನಾಧಿಕಾರಿಗಳೇ,

ನನ್ನ ಅಪ್ಪನಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ನಿಮ್ಮ ಆ್ಯಪ್ ಹೇಳಿದೆ. ಅಪ್ಪನಿಗೆ ಕಿವಿ ಕೇಳುವುದಿಲ್ಲ. ಆ್ಯಪಿನ ಮಾತು ನಂಬಿ, ಅವನಿಗೆ ಸಿಗಬೇಕಿದ್ದ ಕಿವಿಯ ಮಷಿನ್ನನ್ನು ನೀವು ತಡೆದಿದ್ದೀರಿ. ಇದೇ ನನ್ನ ದೂರು.

ಇದನ್ನು ಮರಾಠಿಯಲ್ಲಿ ಬರೆದು ನಿಮ್ಮ ಕೊಲ್ಹಾಪುರದ ಕಚೇರಿಗೆ ಕೊಟ್ಟು ಬಂದೆ. ಉತ್ತರ ಬರಲಿಲ್ಲ. ಈಗ ನಾನು ಕಲಿತ ಭಾಷೆಯಲ್ಲಿ, ನಮ್ಮ ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಚಿಂತೆ ಬೇಡ. ಕಿವಿ ನೋಡಲು ಆ್ಯಪ್ ಇಟ್ಟವರು ಕನ್ನಡ ಓದಲೂ ಒಂದನ್ನು ಇಟ್ಟುಕೊಂಡೇ ಇರುತ್ತೀರಿ. ಅದೂ ಇಷ್ಟೇ ಜಾಣವಾಗಿದ್ದರೆ ಈ ಪತ್ರ ನಿಮಗೆ ಸನ್ಮಾನಪತ್ರದಂತೆ ಕಾಣಿಸಬಹುದು.

ನೀನ್ಯಾರು ಆ್ಯಪಿನ ತಪ್ಪು ಹುಡುಕಲು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ಕಡೆ ಕೂತು ಕೇಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಆಮೇಲೆ ಮನಸ್ಸಿಟ್ಟು ಮಾಡಿದ ಕೆಲಸ ಒಂದೇ: ಹೊಸ ಆ್ಯಪ್, ಹೊಸ ಗೇಮ್ ಹಾಕಿಕೊಂಡು ಪೂರ್ತಿ ಆಡುವುದು, ಕೆಟ್ಟದ್ದಿದ್ದರೆ ಕೆಟ್ಟದ್ದು ಎಂದು ಬರೆಯುವುದು. ಕೊಲ್ಹಾಪುರದಲ್ಲಿ ಗೇಮ್ ತಯಾರಿಸುವ ಒಬ್ಬರು ನನ್ನನ್ನು ಅದೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವರ ಗೇಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಪಂಚಗಂಗಾ ನದಿಯ ನೀರಿನ ಮೇಲೆ ಓಡುತ್ತಿತ್ತು. ಹಾಗೆಂದೇ ಬರೆದು ಒಂದು ಸ್ಟಾರ್ ಕೊಟ್ಟೆ. ಮರುದಿನದಿಂದ ಬರಬೇಡ ಎಂದರು. ನನ್ನ ಪದವಿ ಇಷ್ಟೇ. ನಿಮ್ಮ ಆ್ಯಪನ್ನು ಒಪ್ಪಿಕೊಂಡ ಸಮಿತಿಯಲ್ಲಿ ಇಷ್ಟು ಓದಿದವರೂ ಇರಲಿಲ್ಲವೆಂದು ಕಾಣುತ್ತದೆ.

ಅಪ್ಪ ಯಲಗೂರಪ್ಪ ಹರೆಯದಲ್ಲಿ ಮುದ್ದೇಬಿಹಾಳದ ಕಡೆಯಿಂದ ಇಚಲಕರಂಜಿಗೆ ಬಂದು ವಿದ್ಯುತ್ ಮಗ್ಗಕ್ಕೆ ನಿಂತವನು. ನೀವು ಶೆಡ್ಡಿನೊಳಗೆ ಕಾಲಿಟ್ಟಿಲ್ಲವೆಂದು ತಿಳಿದು ಹೇಳುತ್ತೇನೆ: ಮಗ್ಗಗಳು ಓಡುವಾಗ ಅಲ್ಲಿ ಮಾತು ನಡೆಯುವುದಿಲ್ಲ, ಕೈಸನ್ನೆ ನಡೆಯುತ್ತದೆ. ಹೆಬ್ಬೆರಳು ತುಟಿಗೆ ತಾಗಿಸಿದರೆ ಚಹಾ, ಮೀಸೆ ತಿರುವಿದರೆ ಮಾಲಕ ಬಂದ ಎಂದು. ಮಗ್ಗ ಸರಿಯಾಗಿ ಓಡುತ್ತಿದೆಯೇ ಎಂದು ತಿಳಿಯಲು ಕಿವಿ ಕೊಡುವುದಿಲ್ಲ, ಅದರ ಮೈಮೇಲೆ ಅಂಗೈ ಇಡುತ್ತಾರೆ. ಅಲ್ಲಿ ವರ್ಷಗಟ್ಟಲೆ ನಿಂತವನಿಗೆ ಮೊದಲು ಹೋಗುವುದು ಕಿವಿ. ಕಳೆದ ಮಳೆಗಾಲದಲ್ಲಿ ಬಟ್ಟೆಯ ಗಂಟು ತುಂಬಿದ ಟೆಂಪೋ ಹಿಂದಕ್ಕೆ ಬಂತು. ಡ್ರೈವರ್ ಹಾರ್ನ್ ಬಾರಿಸಿದ್ದು ಇಡೀ ಗಲ್ಲಿಗೆ ಕೇಳಿತು, ಅಪ್ಪನೊಬ್ಬನನ್ನು ಬಿಟ್ಟು. ಹೆಗಲ ಮೂಳೆ ಮುರಿದು ಉಳಿದುಕೊಂಡ. ಅಂದಿನಿಂದ ಅವ್ವ ಅವನನ್ನು ಒಬ್ಬನೇ ರಸ್ತೆಗೆ ಬಿಡುವುದಿಲ್ಲ. ಅವನ ಮಾನ ಹೋಗಬಾರದೆಂದು ಕೈಯಲ್ಲೊಂದು ಕಾಯಿಪಲ್ಲೆಯ ಚೀಲ ಹಿಡಿದು, ಸಂತೆಗೆ ಹೊರಟವಳಂತೆ, ವಾಹನ ಬರುವ ಬದಿಗೇ ನಡೆಯುತ್ತಾಳೆ.

ಆಗ ನಿಮ್ಮ ಶಿಬಿರ ಬಂತು. ವೈದ್ಯರಿಲ್ಲದ ಶಿಬಿರ. ಟಿ-ಶರ್ಟು ತೊಟ್ಟ ಸ್ವಯಂಸೇವಕರು ಶೆಡ್ಡಿನ ಹೊರಗೆ ಕಟ್ಟೆಯ ಮೇಲೆ ಕೂತು, ಒಬ್ಬೊಬ್ಬರ ಕಿವಿಗೆ ಹೆಡ್‌ಫೋನ್ ಹಾಕಿ, ಅಂಗೈಯಲ್ಲಿ ಮೊಬೈಲ್ ಇಟ್ಟರು. ಪರದೆಯ ಮೇಲೆ ಒಂದು ಗಿಣಿ. ಗಿಣಿ ಕೂಗಿದ ಕೂಡಲೇ ಅದನ್ನು ಮುಟ್ಟಬೇಕು. ಕೂಗು ಸಣ್ಣದಾಗುತ್ತ ಹೋಗುತ್ತದೆ. ಎಲ್ಲವನ್ನೂ ಮುಟ್ಟಿದರೆ ಮೂರು ಸ್ಟಾರ್, ಅಂದರೆ ಕಿವಿ ಸರಿ ಇದೆ. ಕಡಿಮೆ ಬಂದವರಿಗೆ ಮಷಿನ್. ಹೇಗೆ ಆಡಬೇಕು ಎಂಬುದನ್ನು ಆ್ಯಪ್ ಧ್ವನಿಯಲ್ಲಿ ಹೇಳುತ್ತದೆ. ಕಿವಿ ಕೇಳದವರಿಗೆ ಧ್ವನಿಯಲ್ಲಿ! ಈ ಬುದ್ಧಿ ಯಾರದ್ದು ಸ್ವಾಮಿ? ಅವರಿಗೆ ಬಡ್ತಿ ಸಿಕ್ಕಿತೇ?

ಅದಕ್ಕಿಂತ ದೊಡ್ಡ ಬುದ್ಧಿ ಇನ್ನೊಂದಿದೆ. ಗಿಣಿ ಕೂಗಿದಾಗಲೆಲ್ಲ ಮೊಬೈಲು ನಡುಗುತ್ತದೆ. ಗೇಮ್ ಮಾಡುವವರು ಆಡುವವನಿಗೆ ಮಜಾ ಬರಲೆಂದು ಹಾಕುವ ನಡುಕ ಅದು. ಬಲೂನು ಒಡೆಯುವ ಆಟದಲ್ಲಿ ಅದು ಇರಲಿ. ಕಿವಿಯ ಪರೀಕ್ಷೆಯಲ್ಲಿ ಯಾಕೆ? ಅಂಗೈಯಿಂದ ಮಗ್ಗದ ಆರೋಗ್ಯ ನೋಡುವವರ ಅಂಗೈಗೇ ಅದನ್ನು ಕೊಟ್ಟಿರಿ. ಏನು ಮಾಡಬೇಕೆಂದು ಅಪ್ಪನಿಗೆ ಕೇಳಿಸಲಿಲ್ಲ, ಮುಂದಿನವರು ಆಡುವುದನ್ನು ನೋಡಿ ಕಲಿತ. ನಡುಗಿತು, ಮುಟ್ಟಿದ. ಒಂದನ್ನೂ ಬಿಡಲಿಲ್ಲ. ಅವನ ಪಕ್ಕದ ಮಗ್ಗದ ಕೃಷ್ಣಾತನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆಟದ ನಡುವೆ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರೆಂದು ತಿರುಗಿದ, ಎರಡು ಗಿಣಿ ತಪ್ಪಿದವು. ಮಷಿನ್ ಅವನಿಗೆ ಬಂತು! ಕರೆದದ್ದು ಕೇಳಿಸಿದ್ದಕ್ಕೆ ಕಿವುಡನಾದ. ನಾಚಿಕೆಯಿಂದ ಅದನ್ನು ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾನೆ.

ಅಪ್ಪ ಗೆದ್ದವನಂತೆ ಮನೆಗೆ ಬಂದ. ಅವನ ಮಾತೆಲ್ಲ ಈಗ ಕೂಗೇ.

"ಏ ಯುವ್ಯಾ, ನೋಡಲೇ! ಮೂರಕ್ಕ ಮೂರು! ಗಿಳಿ ಕುಣೀತು ನೋಡು! ಆ ಕೃಷ್ಣಾತಗ ಎರಡ ಬಂದಾವ, ಎರಡು!"

ಅವ್ವ ಹಿಟ್ಟಿನ ಕೈ ಹಾಗೇ ಹಿಡಿದು ಹೊರಗೆ ಬಂದಳು. "ಗೆದ್ದೀರಿ, ಭಾಳ ಛಲೋ ಆತು. ಮಷಿನ್ ಎಲ್ಲೈತ್ರಿ?"

"ಆಂ? ಏನಂದಿ?"

ಅವ್ವ ನನ್ನ ಕಡೆ ತಿರುಗಿದಳು. "ನೋಡಪಾ, ಮೂರ ಸ್ಟಾರ್ ಬಂದ ಕಿವಿ ಇದು."

ನಾನು ನಿಮ್ಮ ಆ್ಯಪ್ ಹಾಕಿಕೊಂಡೆ. ಆವಾಜು ಪೂರ್ತಿ ಬಂದ್ ಮಾಡಿ, ಕಿವಿಗೆ ಅರಳೆ ತುರುಕಿ ಆಡಿದೆ. ಮೂರು ಸ್ಟಾರ್. ನನ್ನನ್ನೇ ನಂಬಬಾರದೆಂದು ಗಡಹಿಂಗ್ಲಜಕ್ಕೆ ಹೋದೆ. ಅಲ್ಲಿ ಮೊಬೈಲ್ ರಿಪೇರಿ ಮಾಡುವ ಅವಧೂತ ನನ್ನ ಗೆಳೆಯ, ಹುಟ್ಟಿನಿಂದಲೇ ಕಿವಿ ಕೇಳದವನು. ಅವನ ಕೈಗೆ ಕೊಟ್ಟೆ. ಗಿಣಿ ಕುಣಿಯಿತು. 'ಅಭಿನಂದನೆ, ನಿಮ್ಮ ಶ್ರವಣಶಕ್ತಿ ಅತ್ಯುತ್ತಮ' ಎಂದು ಪರದೆಯ ಮೇಲೆ ಬಂತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಥಟ್ಟನೆ ನಗು ನಿಲ್ಲಿಸಿ, ತನ್ನ ಮೊಬೈಲಿನಲ್ಲಿ ಬರೆದು ತೋರಿಸಿದ: "ಅಳಿಸಿ ಹಾಕಲೇ ಲಗೂನ. ಇದನ್ನ ನೋಡಿದ್ರ ನನ್ನ ಕಿವುಡರ ಬಸ್ ಪಾಸ್ ಕಸಗೊಂಡಾರು."

ಅವನು ಸುಮ್ಮನೆ ಹೆದರಿದ ಎನ್ನುತ್ತೀರಾ? ನಿಮ್ಮ ಕಚೇರಿಗೆ ಬರುವವರೆಗೆ ನಾನೂ ಹಾಗೇ ಎಂದುಕೊಂಡಿದ್ದೆ. ಮೇಜಿನ ಹಿಂದೆ ಕೂತವರು ನನ್ನ ಮಾತು ಮುಗಿಯುವ ಮೊದಲೇ "ಆ್ಯಪ್ ಚುಕತ ನಾಹೀ" ಎಂದರು. ಆ್ಯಪ್ ತಪ್ಪುವುದಿಲ್ಲವಂತೆ, ಅಪ್ಪ ತಪ್ಪಬಹುದಂತೆ. ಇಲ್ಲೇ ಆಡಿ ತೋರಿಸುತ್ತೇನೆ ಎಂದೆ. ಕಚೇರಿಯಲ್ಲಿ ಗೇಮ್ ಆಡುವಂತಿಲ್ಲ ಎಂದು ಬಾಗಿಲು ತೋರಿಸಿದರು. ಅಂದರೆ ಅದು ಗೇಮ್ ಎಂಬುದು ನಿಮ್ಮವರಿಗೂ ಗೊತ್ತು.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಮ್ಮ ಆ್ಯಪಿಗೆ ಒಂದು ಸ್ಟಾರ್ ಕೊಟ್ಟು, ನಡೆದದ್ದನ್ನೆಲ್ಲ ಅದರ ಕೆಳಗೆ ಬರೆದೆ. ಕೊಟ್ಟ ಅರ್ಜಿಗೆ ಬಾಯಿ ಬಿಡದ ನಿಮ್ಮ ಕಚೇರಿ ಆ ಒಂದು ಸ್ಟಾರಿಗೆ ಮರುದಿನವೇ ಫೋನ್ ಮಾಡಿತು. ಎಷ್ಟು ಮಧುರ ದನಿ! ಒಂದನ್ನು ಐದು ಮಾಡು, ಬರೆದದ್ದನ್ನು ತೆಗೆ, ನಿನ್ನ ಅಪ್ಪನ ಹೆಸರನ್ನು ಮುಂದಿನ ಯಾದಿಯಲ್ಲಿ ಸೇರಿಸುತ್ತೇವೆ ಎಂದರು. ಯಾವುದೋ ದೊಡ್ಡ ಸರ್ಕಾರಿ ಕಾರ್ಯಕ್ರಮದಲ್ಲಿ ನಿಮ್ಮ ಆ್ಯಪಿಗೆ ಬಹುಮಾನ ಬರುವುದಿದೆಯಂತೆ.

ಅವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

"ಕೊಟ್ಟಬಿಡೊ ಐದು. ನಿನ್ನ ಗಂಟೇನ ಹೋಗ್ತೈತಿ?"

"ಸುಳ್ಳ ಆಗ್ತೈತೆವ್ವಾ."

"ನಿನ್ನ ಖರೇತನಾ ಇವರನ್ನ ರಸ್ತಾ ದಾಟಸ್ತೈತೇನು? ನಾ ಎಷ್ಟ ದಿನಾ ಇವರ ಕಿವಿ ಆಗಿ ತಿರಗಾಡ್ಲಿ?"

ಅಂದಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಆದರೂ ನಾನು ಐದು ಕೊಡಲಿಲ್ಲ. ಕೊಟ್ಟರೆ ಅದನ್ನು ತೋರಿಸಿಯೇ ನೀವು ಮುಂದಿನ ಶೆಡ್ಡಿಗೆ ಹೋಗುತ್ತೀರಿ. ಅಲ್ಲಿಯೂ ಒಬ್ಬ ಯಲಗೂರಪ್ಪ ಇರುತ್ತಾನೆ, ಅವನೂ ಗೆಲ್ಲುತ್ತಾನೆ, ಅವನ ಹಿಂದೆಯೂ ಒಂದು ಟೆಂಪೋ ಬರುತ್ತದೆ. ಅಷ್ಟು ಕಿವುಡರನ್ನು ಗೆಲ್ಲಿಸಿದ ಪಾಪದಲ್ಲಿ ನನಗೆ ಪಾಲು ಬೇಡ. ಎಲ್ಲವನ್ನೂ ನೀವೇ ಇಟ್ಟುಕೊಳ್ಳಿ, ಬಹುಮಾನದ ಪಕ್ಕದಲ್ಲಿ.

ಆ ಗಿಣಿಯನ್ನು ಹಾರಿಸಿಬಿಡಿ. ಮೂರು ಸ್ಟಾರ್ ಬಂದವರೆಲ್ಲರ ಕಿವಿಯನ್ನು ನಿಜವಾದ ವೈದ್ಯರಿಂದ ನೋಡಿಸಿ. ಅದಕ್ಕೂ ಮೊದಲು ಒಂದು ಸಲ ನೀವೇ ನಮ್ಮ ಗಲ್ಲಿಗೆ ಬನ್ನಿ. ಮೊಬೈಲು ಬೇಡ, ಹೆಡ್‌ಫೋನು ಬೇಡ. ಅಪ್ಪ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಹಾಕಿ ಕೂತಿರುತ್ತಾನೆ. ಅವ್ವನನ್ನು ಒಳಗೆ ಕಳಿಸುತ್ತೇನೆ. ನೀವು ಅವನ ಹಿಂದೆ ನಿಂತು, ನಿಮ್ಮ ಅಧಿಕಾರದ ಪೂರ್ತಿ ದನಿಯಲ್ಲಿ ಅವನ ಹೆಸರು ಹಿಡಿದು ಕರೆಯಿರಿ. ಅವನು ತಿರುಗಿ ನೋಡಿದರೆ ಅಲ್ಲೇ, ನಿಮ್ಮ ಕಣ್ಣೆದುರಿಗೇ, ಐದು ಸ್ಟಾರ್ ಒತ್ತುತ್ತೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಅತ್ಯುತ್ತಮವಾಗಿ ಕಿವಿ ಕೇಳುವವನ ಮಗ, ಅವ್ವ ಮಾತು ಬಿಟ್ಟಿರುವ
ಯುವರಾಜ,
ಇಚಲಕರಂಜಿ