ನೀವೇ ಕರೆಸಿದ ಕುರಿ, ಜಿಂಕೆಯ ಹೊಟ್ಟೆಯ ಹುಳ

ಕಾಡಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರಂಚಿನ ಕಾಡಿನಲ್ಲಿ ಚುಕ್ಕಿ ಜಿಂಕೆಗಳು ಹೊಟ್ಟೆಹುಳದಿಂದ ಸಾಯುತ್ತಿವೆ. ಯರಗುಪ್ಪಿಯ ಕುರಿಗಾರ ಬೀರಲಿಂಗ ಅಕ್ರಮವಾಗಿ ಕಾಡಿಗೆ ಕುರಿ ನುಗ್ಗಿಸಿದ್ದೇ ಅದಕ್ಕೆ ಕಾರಣವೆಂದು ನೀವು ಅವನ ಮೇಲೆ ಮೊಕದ್ದಮೆ ಹೂಡಿದ್ದೀರಿ. ಕುರಿ ನುಗ್ಗಲಿಲ್ಲ. ನೀವು ಕರೆಸಿದಿರಿ. ಕರೆಯುವಾಗ ನಾನು ಅಲ್ಲೇ ಇದ್ದೆ.

ಭತ್ತದ ಕೊಯ್ಲು ಮುಗಿದ ಮೇಲೆ ಕುಂದಗೋಳದ ಕಡೆಯ ಕುರಿಗಾರರು ನಮ್ಮತ್ತ ಬರುತ್ತಾರೆ. ಬರಿದಾದ ಗದ್ದೆಯಲ್ಲಿ ರಾತ್ರಿ ಹಿಂಡು ತರುಬಿಸಿಕೊಂಡರೆ, ಅಂದರೆ ಒಟ್ಟಾಗಿ ತಂಗಿಸಿಕೊಂಡರೆ, ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ ಸೇರುತ್ತದೆ. ಬೇರೆ ಗೊಬ್ಬರ ಬೇಕಿಲ್ಲ. ಬೀರಲಿಂಗ ನಮ್ಮ ಗದ್ದೆಗೆ ವರ್ಷವೂ ಬರುವವನು. ಈ ಸಲ ಅವನೂ ಅವನ ಹೆಂಡತಿ ಕೆಂಚವ್ವನೂ ಬದುವಿನ ಮೇಲೆ ಕೂತು ಉಣ್ಣುತ್ತಿದ್ದಾಗ ನಿಮ್ಮ ಸಿಬ್ಬಂದಿಯೊಬ್ಬರು ಬೈಕು ನಿಲ್ಲಿಸಿದರು.

"ಕಾಕಾ, ಇವರ ಗದ್ದಿಗಷ್ಟ ಏನು ನಿಮ್ಮ ಕುರಿ? ನಮ್ಮ ಟಾವರ್ ಮುಂದ ಜಿಂಕಿಗೆ ಹುಲ್ಲು ಬೆಳಸಬೇಕಾಗೇತಿ. ಅಲ್ಲೂ ಒಂದೀಟು ತರುಬರಿ."

"ಕಾಡಾಗ ಕಾಲಿಟ್ರ ಬಡಿಗಿ ತೋರಸ್ತಿದ್ರಿ. ಸಾಹೇಬ್ರು ಹೂಂ ಅಂದಾರೇನ್ರಿ?"

"ಅವರ ಕಳಿಸ್ಯಾರ, ಬರ್ರಿ."

ಕೆಂಚವ್ವ ರೊಟ್ಟಿ ಮುರಿಯುತ್ತ ಗಂಡನಿಗೆ ಹೇಳಿದಳು: "ನಡೀರಿ, ಹೋಗೂಣು. ಬೀಗರ್ನ ಕರದಂಗ ಕರ್ಯಾಕತ್ತಾರ, ಸೀರಿ ಉಡಿಸೇ ಕಳಸ್ತಾರ." ಎಲ್ಲರೂ ನಕ್ಕೆವು. ನಿಮ್ಮವರೂ ನಕ್ಕರು.

ಹಿಂಡು ಕೆಲವು ರಾತ್ರಿ ನಿಮ್ಮ ವೀಕ್ಷಣಾ ಗೋಪುರದ ಮುಂದೆ ತಂಗಿತು. ಹುಲ್ಲು ಚೆನ್ನಾಗಿಯೇ ಬಂತು. ಪ್ರವಾಸಿಗರು ಗೋಪುರದ ಮೇಲೆ ನಿಂತು ಜಿಂಕೆ ನೋಡಬೇಕಲ್ಲ, ಅದು ಬೇಸಿಗೆಯಲ್ಲೂ ಒಣಗದಂತೆ ಕೊಳವೆಬಾವಿಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಚಿಮ್ಮಿಸಿದಿರಿ. ಕಾಡೆಲ್ಲ ಒಣಗಿದಾಗ ಜಿಂಕೆಗಳು ಆ ಒಂದೇ ಹಸಿರಿನಲ್ಲಿ ಮೇಯ್ದವು, ಅಲ್ಲೇ ಹಿಕ್ಕೆ ಹಾಕಿದವು, ಮತ್ತೆ ಅಲ್ಲೇ ಮೇಯ್ದವು. ನನ್ನ ಕಬ್ಬಿನತ್ತ ಅವು ಸುಳಿಯದಿದ್ದುದಕ್ಕೆ ನನಗೂ ಸಮಾಧಾನವೇ ಆಗಿತ್ತೆಂಬುದನ್ನು ಮುಚ್ಚಿಡಲಾರೆ.

ಮಳೆಗೆ ಮುಂಚೆ ನಮ್ಮ ಬದುವಿನಲ್ಲಿ ಒಂದು ಹೆಣ್ಣು ಜಿಂಕೆ ಸತ್ತುಬಿತ್ತು. ಗದ್ದದ ಕೆಳಗೆ ನೀರು ತುಂಬಿದ ಬಾವು. ಒಸಡು ಬಿಳಿ ಕಾಗದದಂತೆ. ಕಲಘಟಗಿಯಿಂದ ಬಂದ ಪಶುವೈದ್ಯೆ ಹೊಟ್ಟೆ ಕೊಯ್ದಾಗ ಪಂಚನಾಮೆಗೆ ಸಾಕ್ಷಿಯಾಗಿ ಪಂಚರ ಸಾಲಿನಲ್ಲಿ ನಾನೂ ನಿಂತಿದ್ದೆ. ಕೆಂಪು ಬಿಳಿ ದಾರ ಹೊಸೆದಂಥ ಹುಳಗಳು, ಮುಷ್ಟಿಗಟ್ಟಲೆ. ಇವು ರಕ್ತ ಕುಡಿಯುವ ಹುಳಗಳು, ಕುರಿಯಲ್ಲಿ ಸಾಮಾನ್ಯ, ತೇವವಿದ್ದರೆ ಹಿಕ್ಕೆಯಲ್ಲಿ ಮರಿಯಾಗಿ ಹುಲ್ಲಿನ ಎಸಳು ಹತ್ತುತ್ತವೆ, ಬಿಸಿಲಿಗೆ ಒಣಗಿದರೆ ಬಹಳಷ್ಟು ಸಾಯುತ್ತವೆ ಎಂದು ಅವರು ಅಲ್ಲೇ ವಿವರಿಸಿದರು. ಹಾಗಾದರೆ ಅವು ಒಣಗದಂತೆ ದಿನವೂ ನೀರುಣಿಸಿದವರು ಯಾರು, ಮಾನ್ಯರೇ? ಅದೂ ಬೀರಲಿಂಗನೇ?

ನಾನು ತಜ್ಞೆಯಲ್ಲ. ಈ ಹುಳ ಜಿಂಕೆಗಳಲ್ಲಿ ಮೊದಲೇ ಇತ್ತೇ, ಕುರಿಯಿಂದಲೇ ಬಂತೇ, ನನಗೆ ಖಚಿತವಿಲ್ಲ. ನಿಮಗೂ ಇರಲಾರದು, ಏಕೆಂದರೆ ಆಮೇಲೆ ಸತ್ತ ಜಿಂಕೆಗಳನ್ನು ಕೊಯ್ಯದೆಯೇ ಸುಟ್ಟಿರಿ. ಆದರೂ ಗುಡಗೇರಿ ಸಂತೆಯಲ್ಲಿ ಮರಿ ಮಾರಲು ನಿಂತಿದ್ದವನನ್ನು ಜೀಪಿಗೆ ಹತ್ತಿಸಿ ತರುವಷ್ಟು ಖಚಿತತೆ ನಿಮ್ಮಲ್ಲಿತ್ತು. ಅವನೀಗ ಜಾಮೀನಿನ ಮೇಲಿದ್ದಾನೆ. ಅಪರಾಧ ಸಾಬೀತಾದರೆ ಜೈಲು. ನಾನು ನಿಮ್ಮ ಕಚೇರಿಗೆ ಬಂದು ಸಾಕ್ಷಿ ಹೇಳುತ್ತೇನೆಂದಾಗ ನೀವು ಬಹಳ ಸೌಜನ್ಯದಿಂದ ಕುರ್ಚಿ ಕೊಟ್ಟು, "ಮೇಡಂ, ನೀವು ಓದಿದವರು, ಇದರಾಗ ಯಾಕ ಬೀಳ್ತೀರಿ?" ಎಂದಿರಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ್ದು ಕಂಡದ್ದನ್ನು ಕಾಣದಂತಿರುವ ತರಬೇತಿ ಎಂದು ನನಗೆ ತಿಳಿದಿರಲಿಲ್ಲ. ಕರೆದದ್ದಕ್ಕೆ ಲಿಖಿತ ಆದೇಶ ತೋರಿಸಿ ಎಂದೂ ಕೇಳಿದಿರಿ. ಬೈಕಿನ ಮೇಲೆ ಬಂದು ಬಾಯಿಮಾತಿನಲ್ಲಿ ಕರೆದವರು ನೀವು. ಆದೇಶ ಇಟ್ಟುಕೊಳ್ಳಬೇಕಾದವನು ಕುರಿಗಾರನೇ?

ಕಳೆದ ಭಾನುವಾರ ಗೋಪುರ ಹತ್ತಿದ್ದೆ. ಸ್ಪ್ರಿಂಕ್ಲರು ಇನ್ನೂ ತಿರುಗುತ್ತಿತ್ತು. ಗದ್ದ ಊದಿದ ಜಿಂಕೆಯೊಂದು ಜನರ ಸಮೀಪವೇ ನಿಂತಿತ್ತು. "ಎಷ್ಟು ಸಾಧು ನೋಡ್ರಿ, ಓಡೂದ ಇಲ್ಲ," ಎನ್ನುತ್ತ ಒಬ್ಬರು ಫೋಟೊ ತೆಗೆದರು. ಅದಕ್ಕೆ ಓಡಲು ರಕ್ತವಿರಲಿಲ್ಲ.

ಆ ನೀರು ನಿಲ್ಲಿಸಿ. ಆ ಹುಲ್ಲುಗಾವಲಿಗೆ ಬೇಲಿ ಹಾಕಿ. ಮುಂದೆ ಸತ್ತ ಜಿಂಕೆಯನ್ನು ಕೊಯ್ಯಿಸಿ ನೋಡಿ, ಆಮೇಲೆ ಸುಡಿ. ಕುರಿ ಕರೆಸಿದ್ದು ನಾವೇ ಎಂದು ನ್ಯಾಯಾಲಯಕ್ಕೆ ತಿಳಿಸಿ, ಮೊಕದ್ದಮೆ ಹಿಂದಕ್ಕೆ ಪಡೆಯಿರಿ. ಮೊನ್ನೆ ಬೀರಲಿಂಗ ಸಿಕ್ಕಿದ್ದ. "ಅಕ್ಕಾರ, ನನ್ನ ಕುರಿಯಿಂದ ಸತ್ತಿದ್ರ ಆ ಪಾಪದಾಗ ನನಗೂ ಪಾಲೈತ್ರಿ. ಆದ್ರ ನಾ ನುಗ್ಗಿಲ್ಲರಿ," ಎಂದ. ತನ್ನ ಪಾಲನ್ನು ಅವನು ಒಪ್ಪಿಕೊಂಡಾಯಿತು. ಉಳಿದಿರುವುದು ನಿಮ್ಮದು.

ಇಂತಿ,
ಸಾಕ್ಷಿ ಹೇಳಲು ಸಿದ್ಧಳಿದ್ದೂ ಈವರೆಗೆ ಯಾರಿಗೂ ಬೇಡವಾದ,
ಅರುಣಾ
ಕಲಘಟಗಿ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿಯಿಂದ